ಹೇಮಂತದ ಮನೆ: ಬಿಸಿನೀರು, ಬೆಚ್ಚನೆ ಮತ್ತು ಗಾಳಿಯ ಪ್ರಮಾಣ ವಿಚಾರ

ಮಾರ್ಗಶಿರ, ಪುಷ್ಯ ಮಾಸಗಳು ಕೂಡಿದರೆ ಹೇಮಂತ ಋತು. ಹೊರಗಿನ ಶೀತವು ದೇಹದ ಉಷ್ಣವನ್ನು ಒಳಗೇ ತಡೆಹಿಡಿಯುವುದರಿಂದ ಈ ಕಾಲದಲ್ಲಿ ಜಠರಾಗ್ನಿ ಬಲವಾಗಿರುತ್ತದೆ, ಹಸಿವು ಹೆಚ್ಚುತ್ತದೆ ಎಂಬುದನ್ನು ಸದ್ಭಕ್ತರು ಬಲ್ಲರು. ಋತುಚರ್ಯೆ ಎಂದೊಡನೆ ಎಲ್ಲರೂ ಆಹಾರವನ್ನೇ ನೆನೆಯುತ್ತಾರೆ. ವಿಹಾರವೂ ಅದರಷ್ಟೇ ಮುಖ್ಯ. ವಿಹಾರವೆಂದರೆ ನಡೆ, ನಿದ್ರೆ, ಸ್ನಾನ ಮಾತ್ರವಲ್ಲ, ನಾವು ಇರುವ ಮನೆಯೂ ಅದರಲ್ಲಿ ಸೇರಿದೆ. ಪ್ರತಿವರ್ಷ ಚಳಿ ಬಿದ್ದೊಡನೆ ಚಿಕಿತ್ಸಾಲಯಕ್ಕೆ ಬರುವವರು ಔಷಧದ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ: ಎಷ್ಟು ಲೀಟರಿನ ಗೀಸರ್ ಸಾಕು? ಸೌರ ಬಿಸಿನೀರಿನ ಯಂತ್ರ ಎಷ್ಟು ದೊಡ್ಡದಿರಬೇಕು? ಬಾಣಂತಿ ಕೋಣೆಯಲ್ಲಿ ಕೆಂಡ ಇಡಬಹುದೇ, ಹೀಟರ್ ತರಬೇಕೇ? ಇವೆಲ್ಲ ಅಂಗಡಿಯವನ ಬಳಿ ಕೇಳುವ ಪ್ರಶ್ನೆಗಳೆಂದು ಹಲವರ ಭಾವನೆ. ನಮ್ಮ ಅನುಭವದಲ್ಲಿ ಇವು ವೈದ್ಯನ ಪ್ರಶ್ನೆಗಳೇ. ಇವುಗಳ ಲೆಕ್ಕ ತಪ್ಪಿದ ಮನೆಗಳಿಂದ ರೋಗಿಗಳು ಬರುತ್ತಾರೆ, ಕೆಲವೊಮ್ಮೆ ಬರಲಾಗದ ಸ್ಥಿತಿಯನ್ನೂ ತಲುಪುತ್ತಾರೆ.

ಮೊದಲು ನೀರಿನ ವಿಚಾರ. ಬಿಸಿನೀರು ಕಂಠದಿಂದ ಕೆಳಗಿನ ಶರೀರಕ್ಕೆ ಬಲಕರ, ಶಿರಸ್ಸಿಗೆ ಸುರಿದರೆ ಕೂದಲಿಗೂ ಕಣ್ಣಿಗೂ ಬಲಹಾನಿ ಎಂದು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯ ಹೇಳುತ್ತದೆ. ಆದುದರಿಂದ ಸ್ನಾನದ ನೀರು ಸುಖೋಷ್ಣವಾಗಿರಬೇಕು. ಇಂದಿನ ಮಾಪನದಲ್ಲಿ ಇದು 38ರಿಂದ 40 ಡಿಗ್ರಿ ಸೆಲ್ಸಿಯಸ್. ಗೀಸರಿನ ತೊಟ್ಟಿಯಲ್ಲಿ ನೀರು 60 ಡಿಗ್ರಿಯವರೆಗೆ ಕಾಯುತ್ತದೆ, ಕಾಯಲೂಬೇಕು. ದಿನಗಟ್ಟಲೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ಅಪಾಯಕರವಾದ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಆದರೆ 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬಿದ್ದರೆ ವಯಸ್ಕರ ಚರ್ಮವೂ ಐದಾರು ಸೆಕೆಂಡುಗಳಲ್ಲಿ ಸುಡುತ್ತದೆ, ಮಕ್ಕಳ ಮತ್ತು ವೃದ್ಧರ ಚರ್ಮ ಇನ್ನೂ ಬೇಗ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂಬ ಅಭ್ಯಾಸವನ್ನು ಮನೆಯ ಮಕ್ಕಳಿಗೆಲ್ಲ ಕಲಿಸಬೇಕು.

ಲೆಕ್ಕ ಸುಲಭವಾಗಿದೆ. ಕಾಯಿಸಬೇಕಾದ ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಬೇಕಾಗುವ ವಿದ್ಯುತ್ತಿನ ಯೂನಿಟ್ಟು ದೊರೆಯುತ್ತದೆ. ಚಳಿಗಾಲದ ಮುಂಜಾನೆ ತೊಟ್ಟಿಯ ನೀರು 20 ಡಿಗ್ರಿ ಇದೆಯೆಂದು ಭಾವಿಸೋಣ. ಒಬ್ಬರಿಗೆ ಒಂದು ಬಕೆಟ್, ಅಂದರೆ 20 ಲೀಟರ್ ಸುಖೋಷ್ಣ ನೀರು ಬೇಕಾದರೆ, 60 ಡಿಗ್ರಿಯ ನೀರು 10 ಲೀಟರ್, ತಣ್ಣೀರು 10 ಲೀಟರ್ ಬೆರೆಸಿದರಾಯಿತು. 15 ಲೀಟರಿನ ಗೀಸರ್ ಒಮ್ಮೆ ಕಾದರೆ ಒಂದೂವರೆ ಬಕೆಟ್ ಸ್ನಾನದ ನೀರು, 25 ಲೀಟರಿನದು ಎರಡೂವರೆ ಬಕೆಟ್. 2 ಕಿಲೋವ್ಯಾಟ್ ಸುರುಳಿಯಿದ್ದರೆ ಮೊದಲನೆಯದು ತಣ್ಣಗಿನಿಂದ ಕಾಯಲು 21 ನಿಮಿಷ, ಎರಡನೆಯದು 35 ನಿಮಿಷ ಬೇಕು. ಇಷ್ಟಲಿಂಗ ಪೂಜೆಗೆ ಮುನ್ನ ಮನೆಮಂದಿಯೆಲ್ಲ ಬೆಳಗಿನ ಒಂದು ಗಂಟೆಯೊಳಗೆ ಸ್ನಾನ ಮುಗಿಸುವ ಐದು ಜನರ ಕುಟುಂಬಕ್ಕೆ 100 ಲೀಟರ್ ಬೆರೆಸಿದ ನೀರು ಬೇಕು. 25 ಲೀಟರಿನ ಒಂದೇ ಗೀಸರ್ ಸ್ನಾನಕ್ಕೆ ಮೊದಲು ಒಮ್ಮೆ, ನಡುವೆ ಇನ್ನೊಮ್ಮೆ ಕಾದರೆ ಈ ಕೆಲಸ ಪೂರೈಸುತ್ತದೆ. ದಿನದ ಖರ್ಚು ಎರಡೂವರೆ ಯೂನಿಟ್ಟಿಗಿಂತ ಕಡಿಮೆ. ಅಭ್ಯಂಗದ ದಿನ, ದೀಪಾವಳಿಯ ಎಣ್ಣೆಸ್ನಾನದ ದಿನ, ಇದರ ಎರಡರಷ್ಟು ಬೇಕಾಗುತ್ತದೆ. ಆದರೆ ವರ್ಷದ ನಾಲ್ಕಾರು ದಿನಗಳಿಗಾಗಿ ಯಂತ್ರದ ಗಾತ್ರ ಹೆಚ್ಚಿಸಬೇಕಿಲ್ಲ, ಅಂದು ಅರ್ಧ ಗಂಟೆ ಬೇಗ ಎದ್ದರೆ ಸಾಕು.

ಥಟ್ಟನೆ ಕಾಯಿಸುವ 3 ಕಿಲೋವ್ಯಾಟಿನ ಸಣ್ಣ ಯಂತ್ರಗಳು ಅಗ್ಗವೆಂದು ಜನಪ್ರಿಯವಾಗಿವೆ. ನೀರನ್ನು 20 ಡಿಗ್ರಿ ಏರಿಸುವಾಗ ಅವು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪವೇ ಹೆಚ್ಚು ಕೊಡುತ್ತವೆ. ಬಕೆಟ್ ತುಂಬಲು ಒಂಬತ್ತು ನಿಮಿಷ. ಪಾತ್ರೆ ತೊಳೆಯಲು ಇದು ಯೋಗ್ಯ, ಐದು ಜನರ ಸ್ನಾನಕ್ಕೆ ಅಲ್ಲ. 13 ಆಂಪಿಯರ್ ಎಳೆಯುವ ಇದನ್ನು ಸಾಧಾರಣ ದೀಪದ ಪ್ಲಗ್ಗಿಗೆ ಸಿಕ್ಕಿಸುವುದನ್ನು ನಾವು ಹಳ್ಳಿಗಳಲ್ಲಿ ಕಂಡಿದ್ದೇವೆ. ಹಾಗೆ ಮಾಡಲೇಬಾರದು.

ಸೌರಯಂತ್ರದ ಬಗ್ಗೆ ಅಂಗಡಿಗಳಲ್ಲಿ ಜನಕ್ಕೆ ತಕ್ಕ ಲೆಕ್ಕಕ್ಕಿಂತ ಮಹಡಿಯ ಅಂತಸ್ತಿಗೆ ತಕ್ಕ ಲೆಕ್ಕವೇ ಹೆಚ್ಚು. ದಿನಕ್ಕೆ 100 ಲೀಟರ್ ಎಂದು ಮಾರುವ ಯಂತ್ರಕ್ಕೆ ಸುಮಾರು 2 ಚದರ ಮೀಟರ್ ಫಲಕವಿರುತ್ತದೆ. ಬಯಲುಸೀಮೆಯ ನಿಚ್ಚಳ ಚಳಿಗಾಲದ ಬಿಸಿಲಿನಲ್ಲಿ ಅದು 100 ಲೀಟರನ್ನು 60 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ, ಬೆರೆಸಿದರೆ 200 ಲೀಟರ್ ಸ್ನಾನದ ನೀರು. ಹಾಗಾಗಿ ಬಕೆಟ್ ಸ್ನಾನದ ಐದು ಜನರಿಗೆ ಅದೇ ಧಾರಾಳ. ಷವರಿನ ಕೆಳಗೆ ಹತ್ತು ನಿಮಿಷ ನಿಲ್ಲುವ ಮಕ್ಕಳಿದ್ದರೆ 150 ಅಥವಾ 200 ಬೇಕಾದೀತು. ಮಲೆನಾಡಿನ ಆಷಾಢ, ಶ್ರಾವಣಗಳಲ್ಲಿ ಎಷ್ಟೇ ದೊಡ್ಡ ಫಲಕವಿದ್ದರೂ ಸೂರ್ಯನೇ ಕಾಣದಿರುವಾಗ ಫಲವಿಲ್ಲ. ಅಲ್ಲಿ ದೊಡ್ಡ ಯಂತ್ರಕ್ಕೆ ಹಾಕುವ ಹಣವನ್ನು ಪರ್ಯಾಯ ಕಾವಿನ ವ್ಯವಸ್ಥೆಗೆ ಹಾಕುವುದು ವಿವೇಕ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಕೊಳಾಯಿ ಕೆಲಸದವರೂ ಗಮನಿಸುವುದಿಲ್ಲ. ಮಹಡಿಯ ಮೇಲಿನ ತೊಟ್ಟಿಯಿಂದ ಬಚ್ಚಲಿಗೆ 20 ಮೀಟರ್ ಕೊಳವೆಯಿದ್ದು ಅದರ ಒಳವ್ಯಾಸ 20 ಮಿಲಿಮೀಟರ್ ಆದರೆ ಕೊಳವೆಯೊಳಗೇ 6 ಲೀಟರ್ ತಣ್ಣೀರು ನಿಂತಿರುತ್ತದೆ. ಪ್ರತಿಬಾರಿ ನಲ್ಲಿ ತಿರುಗಿಸಿದಾಗ ಅಷ್ಟೂ ಚರಂಡಿಗೆ. ಒಳವ್ಯಾಸ 15 ಮಿಲಿಮೀಟರ್ ಇದ್ದರೆ ಅದು ಮೂರೂವರೆ ಲೀಟರಿಗೆ ಇಳಿಯುತ್ತದೆ. ಬಿಸಿನೀರಿನ ಕೊಳವೆ ಚಿಕ್ಕದಾಗಿ, ನೇರವಾಗಿ, ಹೊದಿಕೆ ಹೊದ್ದು ಬರಬೇಕು. ದಪ್ಪ ಕೊಳವೆ ಹಾಕಿಸಿದೆವೆಂಬ ಹೆಮ್ಮೆ ಇಲ್ಲಿ ಕೆಲಸಕ್ಕೆ ಬಾರದು.

ಇಷ್ಟು ಹಣದ ಮತ್ತು ಅನುಕೂಲದ ಮಾತಾಯಿತು. ಮುಂದಿನದು ಪ್ರಾಣದ ಮಾತು.

ಅಡುಗೆ ಅನಿಲದಿಂದ ನಡೆಯುವ ಗೀಸರನ್ನು ಬಚ್ಚಲುಮನೆಯ ಒಳಗೇ ಗೋಡೆಗೆ ತಗುಲಿಹಾಕುವ ರೂಢಿ ನಮ್ಮ ಊರುಗಳಿಗೂ ಬಂದಿದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಇಂತಹ ಯಂತ್ರದ ಶಕ್ತಿ ಸುಮಾರು ಹತ್ತೂವರೆ ಕಿಲೋವ್ಯಾಟ್, ಅಂದರೆ ಐದು ವಿದ್ಯುತ್ ಗೀಸರುಗಳಿಗೆ ಸಮ. ಈ ಉರಿಗೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ ಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಒಳಗೆಳೆದುಕೊಳ್ಳುವ ಗಾಳಿ ಆರರಿಂದ ಎಂಟು ಲೀಟರ್. ಆ ಪುಟ್ಟ ಪೆಟ್ಟಿಗೆ ಇಪ್ಪತ್ತೈದಕ್ಕೂ ಹೆಚ್ಚು ಜನರಷ್ಟು ಗಾಳಿಯನ್ನು ಸೆಳೆಯುತ್ತದೆ ಎಂದಾಯಿತು. ಈಗ ಬಚ್ಚಲನ್ನು ಅಳೆಯೋಣ. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರವೆಂದರೆ 315 ಘನ ಅಡಿ, ಅಂದರೆ ಸುಮಾರು 8,900 ಲೀಟರ್ ಗಾಳಿ. ಚಳಿಯೆಂದು ಬಾಗಿಲು, ಕಿಟಕಿ, ಕಿಂಡಿಗಳನ್ನೆಲ್ಲ ಭದ್ರವಾಗಿ ಮುಚ್ಚಿದರೆ ಹತ್ತು ನಿಮಿಷಗಳಲ್ಲಿ ಕೋಣೆಯ ಆಮ್ಲಜನಕ ಶೇಕಡ 21ರಿಂದ 16ರ ಹತ್ತಿರಕ್ಕೆ ಕುಸಿಯುತ್ತದೆ. ಅದಕ್ಕೆ ಬಹಳ ಮುಂಚೆಯೇ ಉರಿಯು ಗಾಳಿ ಸಾಲದೆ ಅರೆಬರೆ ಉರಿಯತೊಡಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಮೊದಲು ತಲೆಭಾರ, ಓಕರಿಕೆ, ಆಮೇಲೆ ಕಾಲುಗಳಲ್ಲಿ ಶಕ್ತಿಯಿಲ್ಲದಂತಾಗುವುದು. ಬಾಗಿಲ ಚಿಲಕ ತೆಗೆಯಬೇಕೆಂಬ ಬುದ್ಧಿ ಹೊಳೆಯುವ ವೇಳೆಗೆ ಕೈ ಏಳುವುದಿಲ್ಲ. ಸ್ನಾನಕ್ಕೆ ಹೋದ ಹರೆಯದವರು ಹೃದಯಾಘಾತವಾಯಿತೆಂಬಂತೆ ಬಿದ್ದಿರುವ ಸುದ್ದಿಗಳ ಹಿಂದೆ ಹಲವು ಸಲ ಇದೇ ಇರುತ್ತದೆ.

ಅನಿಲದ ಗೀಸರ್ ಬೇಕೇಬೇಕಾದರೆ ಅದು ಬಚ್ಚಲಿನ ಹೊರಗಿರಲಿ, ತೆರೆದ ಹಿತ್ತಿಲ ಗೋಡೆಯ ಮೇಲೆ ಅಥವಾ ಗಾಳಿಯಾಡುವ ಜಗಲಿಯಲ್ಲಿ. ನೀರಿನ ಕೊಳವೆ ಮಾತ್ರ ಒಳಗೆ ಬರಲಿ. ನಮ್ಮ ಹಿರಿಯರ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಬಾಯಿಯನ್ನು ಗೋಡೆಯ ಆಚೆಗೆ ಇಡುತ್ತಿದ್ದುದನ್ನು ವಯಸ್ಸಾದವರು ನೆನಪಿಸಿಕೊಳ್ಳಬಹುದು. ಹಂಡೆ ಒಳಗೆ, ಉರಿ ಹೊರಗೆ. ಒಳಗೇ ಒಲೆಯಿದ್ದ ಕಡೆ ಹೆಂಚಿನ ಸಂದುಗಳಿಂದ ಹೊಗೆ ಹೋಗುತ್ತಿತ್ತು. ಹೆಂಚು ಹೋಗಿ ಆರ್‌ಸಿಸಿ ಬಂತು, ಸಂದು ಹೋಗಿ ಅಲ್ಯೂಮಿನಿಯಂ ಕಿಟಕಿ ಬಂತು, ಉರಿ ಮಾತ್ರ ಒಳಗೆ ಬಂದು ಕುಳಿತಿತು. ಬಚ್ಚಲಿನಲ್ಲಿ ಗಾಳಿ ಹೊರದೂಡುವ ಫ್ಯಾನ್ ಹಾಕಿದೆವಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಆ ಫ್ಯಾನು ಗೀಸರಿನ ಹೊಗೆಕೊಳವೆಯಿಂದಲೇ ವಿಷಾನಿಲವನ್ನು ಹಿಂದಕ್ಕೆ ಎಳೆದುಕೊಳ್ಳಬಲ್ಲದು. ಇದು ಇನ್ನೂ ಕೆಟ್ಟದ್ದು.

ಬಾಣಂತಿ ಕೋಣೆಯ ವಿಚಾರವು ಇದಕ್ಕಿಂತ ಸೂಕ್ಷ್ಮ, ಏಕೆಂದರೆ ಅಲ್ಲಿ ಶಾಸ್ತ್ರವೂ ಸಂಪ್ರದಾಯವೂ ಕೆಂಡದ ಪರವಾಗಿ ನಿಂತಂತೆ ತೋರುತ್ತವೆ. ಹೇಮಂತದಲ್ಲಿ ಕೆಂಡದಿಂದ ಕಾಯಿಸಿದ ಒಳಮನೆಯಲ್ಲಿ ವಾಸಿಸುವವರಿಗೆ ಶೀತದ ದೋಷ ತಗುಲದೆಂದು ವಾಗ್ಭಟಾಚಾರ್ಯರು ಹೇಳಿರುವುದು ನಿಜ. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಿಟ್ಟು, ಬಾಗಿಲು ಮುಚ್ಚಿ, ಕಿಟಕಿಗೆ ಕಂಬಳಿ ಹೊದಿಸಿ, ತಾಯಿ ಮಗುವನ್ನು ರಾತ್ರಿಯಿಡೀ ಬೆಚ್ಚಗಿಡುವ ಅಜ್ಜಿಯಂದಿರು ಈ ಆಚಾರದ ಬಲದಿಂದಲೇ ಹಾಗೆ ಮಾಡುತ್ತಾರೆ. ಆದರೆ ಗ್ರಂಥವನ್ನು ಅರ್ಧ ಓದಬಾರದು. ಚರಕಸಂಹಿತೆಯ ಸ್ವೇದಾಧ್ಯಾಯದಲ್ಲಿ ಜೇಂತಾಕ ಸ್ವೇದದ ಕೂಟಾಗಾರದ ಅಳತೆಯಿದೆ. ದುಂಡಗಿನ ಆ ಕೋಣೆ ಎತ್ತರದಲ್ಲೂ ವಿಸ್ತಾರದಲ್ಲೂ 16 ಅರತ್ನಿ, ಇಂದಿನ ಲೆಕ್ಕದಲ್ಲಿ 20 ಅಡಿಗೂ ಮೇಲೆ. ಗೋಡೆಗೆ ಒಂದಲ್ಲ, ಅನೇಕ ವಾತಾಯನಗಳು. ಕಟ್ಟಿಗೆ ಚೆನ್ನಾಗಿ ಉರಿದು ಹೊಗೆ ಹೋದ ಮೇಲೆಯೇ ರೋಗಿಯ ಪ್ರವೇಶ. ನಡುವೆ ಮೂರ್ಛೆ ಬಂದರೂ ಕಟ್ಟೆಯನ್ನು ಬಿಡದೆ ಅದರ ಗುಂಟವೇ ಬಾಗಿಲಿಗೆ ಬರಬೇಕು, ಇಲ್ಲವಾದರೆ ಪ್ರಾಣಾಪಾಯ ಎಂಬ ಎಚ್ಚರಿಕೆ ಕೂಡ ಅಲ್ಲೇ ಇದೆ. ಆ ಕೂಟಾಗಾರದ ಗಾಳಿಯ ಪ್ರಮಾಣ ನಮ್ಮ ಇಂದಿನ ಬಚ್ಚಲಿನದಕ್ಕಿಂತ 20 ಪಟ್ಟಿಗೂ ಹೆಚ್ಚು. ಸೂತಿಕಾಗಾರದ ವರ್ಣನೆಯಲ್ಲೂ ಅದೇ ಆಚಾರ್ಯರು ಅಗ್ನಿ, ನೀರು, ಸ್ನಾನಭೂಮಿಗಳ ವ್ಯವಸ್ಥೆಯೊಡನೆ ಆ ಮನೆ ಋತುವಿಗೆ ಸುಖಕರವಾಗಿರಬೇಕೆಂದು ಹೇಳಿದ್ದಾರೆ. ಕೆಂಡವನ್ನು ಉಳಿಸಿಕೊಂಡು ಕೋಣೆಯನ್ನು ಮರೆತರೆ ಅದು ಶಾಸ್ತ್ರವಾಗದು.

ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆಯೇ ಇಲ್ಲಿ ಅನರ್ಥಕ್ಕೆ ಮೂಲ. ಕೆಂಡದ ರಾಶಿಯ ಅಡಿಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಮೇಲಿನ ನಿಗಿನಿಗಿ ಇದ್ದಲಿನ ಮೂಲಕ ಏರುವಾಗ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಮೇಲೆ ಬೂದಿ ಮುಚ್ಚಿದಾಗ ಅದು ಉರಿದುಹೋಗದೆ ಹಾಗೆಯೇ ಕೋಣೆಗೆ ಸೇರುತ್ತದೆ. ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ, ಅದರ ರಕ್ತದಲ್ಲಿ ಇನ್ನೂ ಗರ್ಭಕಾಲದ ಹಿಮೋಗ್ಲೋಬಿನ್ ಇರುತ್ತದೆ. ಆದ್ದರಿಂದ ವಿಷ ಮೊದಲು ಮುಟ್ಟುವುದು ಅದಕ್ಕೇ, ಹೇಳಿಕೊಳ್ಳಲು ಬಾರದವರೂ ಅವರೇ.

ಕೆಲವು ವರ್ಷಗಳ ಹಿಂದೆ ಹನ್ನೆರಡು ದಿನದ ಬಾಣಂತಿಯೊಬ್ಬರನ್ನು ನಮ್ಮಲ್ಲಿಗೆ ಕರೆತಂದಿದ್ದರು. ಬೆಳಿಗ್ಗೆ ಎದ್ದೊಡನೆ ತಲೆ ಸಿಡಿಯುವ ನೋವು, ವಾಂತಿ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಶಮನ. ಪಿತ್ತವೆಂದು ಮನೆಯವರು ನಿರ್ಧರಿಸಿದ್ದರು. ಜೊತೆಗೆ ಬಂದಿದ್ದ ತಾಯಿ ತಮಗೂ ಹಾಗೆಯೇ ಆಗುತ್ತದೆಂದು ಮಾತಿನ ನಡುವೆ ಹೇಳಿದರು. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರಿಗೆ ಒಂದೇ ತಲೆನೋವು ಬಂದು, ಹೊರಗೆ ಓಡಾಡಿದೊಡನೆ ಹೋದರೆ ದೋಷವನ್ನು ದೇಹದಲ್ಲಿ ಹುಡುಕಬಾರದು, ಕೋಣೆಯಲ್ಲಿ ಹುಡುಕಬೇಕು. ಅಗ್ಗಿಷ್ಟಿಕೆಯನ್ನು ಹೊರಗಿಡಿಸಿದೆವು, ತಾಯಿ, ಮಗಳು, ಮಗುವನ್ನು ಅಂದೇ ಆಮ್ಲಜನಕದ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸಿದೆವು. ಮೂವರೂ ಕ್ಷೇಮವಾಗಿ ಮನೆಗೆ ಮರಳಿದರು. ಇಂತಹ ಸಂದರ್ಭದಲ್ಲಿ ಕಷಾಯ, ಚೂರ್ಣಗಳಿಗೆ ಕಾಲಹರಣ ಸಲ್ಲದು, ಇದನ್ನು ಆಯುರ್ವೇದದ ವೈದ್ಯರಾಗಿಯೇ ನಾವು ಹೇಳುತ್ತಿದ್ದೇವೆ. ಬರಿಯ ಗಾಳಿಯಲ್ಲಿ ಈ ವಿಷದ ಅರ್ಧಭಾಗ ರಕ್ತದಿಂದ ಬಿಡಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 98 ಎಂದು ತೋರಿಸಿದರೂ ನಂಬಬಾರದು. ಅದು ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಭೇದ ಕಾಣದು. ಕೋಣೆಯಲ್ಲಿ ಉರಿಯೋ ಕೆಂಡವೋ ಇತ್ತೆಂಬುದನ್ನು ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ಹೇಳಬೇಕು.

ಹಾಗಾದರೆ ಕೋಣೆಯನ್ನು ಬೆಚ್ಚಗಿಡುವುದು ಹೇಗೆ? ಬಾಣಂತಿ ಮತ್ತು ಶಿಶುವಿನ ಕೋಣೆ 25 ಡಿಗ್ರಿಯ ಆಸುಪಾಸಿನಲ್ಲಿರಲಿ. ಹೊರಗೆ ರಾತ್ರಿ 16 ಡಿಗ್ರಿ ಇದ್ದು, ಕೋಣೆ 10 ಅಡಿಗೆ 10 ಅಡಿ, ಎರಡು ಗೋಡೆಗಳು ಹೊರಮುಖ, ಮೇಲೆ ನೇರ ತಾರಸಿ ಎಂದಿಟ್ಟುಕೊಳ್ಳೋಣ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗಳಿಂದ ಸುಮಾರು 300 ವ್ಯಾಟ್, ತಾರಸಿಯಿಂದ ಹೆಚ್ಚುಕಡಿಮೆ ಅಷ್ಟೇ, ಕಿಟಕಿಯ ಗಾಜಿನಿಂದ 60 ವ್ಯಾಟ್ ಕಾವು ಸೋರುತ್ತದೆ. ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುವಷ್ಟು ಕಿಂಡಿ ತೆರೆದಿಟ್ಟರೆ ಅದರಿಂದ ಹೋಗುವುದು ಎಷ್ಟು? ಸುಮಾರು 75 ವ್ಯಾಟ್ ಮಾತ್ರ. ಒಟ್ಟು 700 ವ್ಯಾಟಿನ ಸೋರಿಕೆಯಲ್ಲಿ ಇದು ಹತ್ತರಲ್ಲೊಂದು ಪಾಲು. ಕಿಂಡಿ ತೆರೆದರೆ ಬೆಚ್ಚನೆಯೆಲ್ಲ ಹೋಗುತ್ತದೆಂಬ ಅಂಜಿಕೆ ನಿರಾಧಾರ, ಹೋಗುತ್ತಿರುವುದು ತಾರಸಿಯಿಂದ ಮತ್ತು ಗೋಡೆಯಿಂದ. ಕಂಬಳಿಯನ್ನು ಕಿಟಕಿಯ ಕಿಂಡಿಗೆ ತುರುಕುವ ಬದಲು ಮೇಲೆ ಮಹಡಿಯಿರುವ ಒಳಕೋಣೆಯನ್ನು ಬಾಣಂತಿಗೆ ಆರಿಸಿದರೆ ಕಾವಿನ ಅಗತ್ಯ ಅರ್ಧದಷ್ಟಾಗುತ್ತದೆ. ಆಚಾರ್ಯರು ಗರ್ಭಗೃಹವೆಂದು ಹೇಳಿದ ಒಳಮನೆಯ ಮರ್ಮ ಇದೇ ಎಂದು ನಾವು ತಿಳಿಯುತ್ತೇವೆ.

ಕೋಣೆಯಲ್ಲಿರುವ ಮನುಷ್ಯರ ಮೈಕಾವೂ ನೂರೈವತ್ತು ಇನ್ನೂರು ವ್ಯಾಟ್ ಕೊಡುತ್ತದೆ. ಆದ್ದರಿಂದ ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್ 1,000 ವ್ಯಾಟಿನದು ಸಾಕು, 2,500ರದು ಬೇಡ. ಅದು ಆಮ್ಲಜನಕವನ್ನು ಸುಡುವುದಿಲ್ಲ. ಹಾಸಿಗೆ, ಸೀರೆಗಳಿಂದ ಮೂರಡಿ ದೂರವಿರಲಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಹರವಬಾರದು. ಮಗುವಿಗೆ ಇವೆಲ್ಲಕ್ಕಿಂತ ಮೇಲಾದ ಕಾವು ತಾಯಿಯ ಎದೆ. ಕೂಸನ್ನು ಮೈಗೆ ಮೈ ತಾಗಿಸಿ ಎತ್ತಿಕೊಳ್ಳುವುದಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಧೂಪನಕ್ಕೆ ಬೇವು, ಸಾಸಿವೆ, ಗುಗ್ಗುಳಗಳನ್ನು ಬಳಸುವವರು ತಾಯಿ ಮಗು ಹೊರಗಿರುವಾಗ ಬಾಗಿಲು ತೆರೆದು ಮಾಡಿ, ಕೆಂಡವನ್ನು ಹೊರಗೊಯ್ದು, ಹೊಗೆಯಾರಿದ ಮೇಲೆ ಅವರನ್ನು ಒಳಗೆ ಕರೆದುಕೊಳ್ಳಲಿ.

ಉರಿಯೇ ಇಲ್ಲದ ಮಲಗುವ ಕೋಣೆಗೂ ಗಾಳಿ ಬೇಕು. ಮೇಲೆ ಹೇಳಿದಷ್ಟೇ ದೊಡ್ಡ ಕೋಣೆಯಲ್ಲಿ ದಂಪತಿ ಮತ್ತು ಒಬ್ಬ ಮಗ ಏಳು ಗಂಟೆ ಮಲಗಿದರೆ, ಗಾಳಿ ಕಿಂಚಿತ್ತೂ ಹೊರಹೋಗದಿದ್ದ ಪಕ್ಷದಲ್ಲಿ, ಇಂಗಾಲದ ಡೈಆಕ್ಸೈಡು ಶೇಕಡ ಒಂದರ ಹತ್ತಿರ ಬರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇಕಡ 0.04. ಬಾಗಿಲ ಸಂದುಗಳು ಸ್ವಲ್ಪ ಕಾಪಾಡುತ್ತವೆ, ಆದರೂ ಬೆಳಗಿನ ಜಡತೆ, ತಲೆಭಾರಗಳಿಗೆ ಇದೊಂದು ಕಾರಣ. ಒಬ್ಬರಿಗೆ ಗಂಟೆಗೆ 25ರಿಂದ 30 ಘನ ಮೀಟರ್ ಹೊಸ ಗಾಳಿ ದೊರೆತರೆ ಉತ್ತಮ. ಎದುರುಬದುರು ಎರಡು ಕಿಂಡಿಗಳು, ಒಂದು ಕೆಳಗೆ, ಒಂದು ಮೇಲೆ ಇದ್ದರೆ ಚಳಿಗಾಲದ ರಾತ್ರಿಗೆ ಸಾಕಷ್ಟು ಸಂಚಾರವಾಗುತ್ತದೆ. ಕಿಟಕಿಗಳ ತೆರವು ನೆಲದ ವಿಸ್ತೀರ್ಣದಲ್ಲಿ ಒಣ ಬಿಸಿ ಪ್ರದೇಶಕ್ಕೆ ಹತ್ತರಲ್ಲೊಂದು, ತೇವದ ಬಿಸಿ ಪ್ರದೇಶಕ್ಕೆ ಆರರಲ್ಲೊಂದು ಪಾಲಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನೂರು ಚದರ ಅಡಿಯ ಕೋಣೆಗೆ ಕಲಬುರಗಿಯಲ್ಲಿ 10 ಚದರ ಅಡಿ, ಕರಾವಳಿಯಲ್ಲಿ ಹದಿನಾರು ಹದಿನೇಳು.

ಅಡುಗೆಮನೆಯ ಗಾಳಿ ಗಂಟೆಗೆ ಹದಿನೈದು ಸಲ ಬದಲಾಗಲಿ. 8 ಅಡಿಗೆ 10 ಅಡಿಯ ಅಡುಗೆಮನೆಗೆ ಗಂಟೆಗೆ 300 ಘನ ಮೀಟರ್ ಎಂದಾಯಿತು. 9 ಅಂಗುಲದ ಫ್ಯಾನ್ ಇದನ್ನು ನಿರಾಯಾಸವಾಗಿ ಮಾಡುತ್ತದೆ. ಬಚ್ಚಲಿಗೆ ಆರೆಂಟು ಸಲ ಸಾಕು, 6 ಅಂಗುಲದ ಫ್ಯಾನ್ ಬೇಕಾದುದಕ್ಕಿಂತ ಹೆಚ್ಚೇ. ಎರಡು ಕಡೆಯೂ ಬಾಗಿಲ ಕೆಳಗೆ ಒಂದಂಗುಲ ಸಂದು ಬಿಡಬೇಕು, ಗಾಳಿ ಒಳಬರದೆ ಯಾವ ಫ್ಯಾನೂ ಗಾಳಿಯನ್ನು ಹೊರಹಾಕಲಾರದು. ಹೊಸದಾಗಿ ಮನೆ ಕಟ್ಟಿಸುವವರು ಲಿಂಟಲ್ ಮಟ್ಟದ ಮೇಲಿನ ಕಿಂಡಿಗಳ ಜಾಗವನ್ನು ಗೋಡೆ ಏಳುವಾಗಲೇ ಮೇಸ್ತ್ರಿಗೆ ತೋರಿಸಿ ಬಿಡಿಸಿಕೊಳ್ಳಲಿ. ಗಿಲಾವು ಮುಗಿದ ಮೇಲೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ.